ಕಾಣದ ನೀರಿನ ಋಣ

ಶೌಚವು ಧರ್ಮದ ಹತ್ತು ಲಕ್ಷಣಗಳಲ್ಲಿ ಒಂದೆಂದು ಮನುಸ್ಮೃತಿಯು ಎಣಿಸಿದೆ. ಶೌಚವೆಂದೊಡನೆ ಸಾಮಾನ್ಯರ ಮನಸ್ಸಿಗೆ ಬರುವುದು ಸ್ನಾನ, ಮಡಿ, ಪಾತ್ರೆಗಳನ್ನು ಬೆಳಗುವುದು, ಅಂಗಳವನ್ನು ಸಾರಿಸುವುದು ಮೊದಲಾದ, ಕಣ್ಣಿಗೆ ಕಾಣುವ ಕೊಳೆಯ ನಿವಾರಣೆ. ಕಾಣುವ ಕೊಳೆಯನ್ನು ತೊಳೆಯದವನಿಗೆ ನೆರೆಹೊರೆಯವರ ಮುಂದೆ ನಾಚಿಕೆಯಾದರೂ ಉಂಟಾಗುವುದು. ಆದರೆ ಕೊಳೆಯು ನೆಲದ ಕೆಳಗೆ ಹತ್ತಾರು ಅಡಿಗಳ ಆಳದಲ್ಲಿದ್ದು, ಅದನ್ನು ಚೆಲ್ಲಿದವನಿಗೇ ತಾನು ಚೆಲ್ಲಿದೆನೆಂಬ ಅರಿವಿಲ್ಲದಿದ್ದರೆ, ಅದರ ಹೊಣೆ ಯಾರದು? ಅರಿಯದೆ ಆದುದನ್ನು ದೋಷವೆನ್ನಬಹುದೆ? ದೋಷವಲ್ಲವೆಂದಾದರೆ ಅದನ್ನು ತೊಳೆಯುವ ಕರ್ತವ್ಯವೂ ಇಲ್ಲವೆನ್ನಬಹುದೆ? ಈ ಪ್ರಶ್ನೆಗಳು ಹಳೆಯವು. ಊರೂರಿನಲ್ಲಿಯೂ ನೆಲದಡಿ ಹೂತಿಟ್ಟಿರುವ ಪೆಟ್ರೋಲ್ ಬಂಕಿನ ಟ್ಯಾಂಕುಗಳು ಅವಕ್ಕೆ ಹೊಸದೊಂದು ರೂಪವನ್ನು ಕೊಟ್ಟಿವೆ.

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯವರಿಗೆ ನೀರಿನ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾದುದಿಲ್ಲ. ನಾಡಿನಲ್ಲಿ ಮಳೆ ಅತಿ ಕಡಿಮೆಯಾದ ತಾಲ್ಲೂಕುಗಳಲ್ಲಿ ಇವು ಸೇರಿವೆ. ವೇದಾವತಿಯು ವರ್ಷದ ಬಹುಭಾಗ ಮರಳಿನ ಹಾದಿಯಾಗಿಯೇ ಇರುವುದು. ಅದೇ ನದಿಗೆ ಹಿರಿಯೂರು ತಾಲ್ಲೂಕಿನಲ್ಲಿ ೧೯೦೭ರಲ್ಲಿ ಕಟ್ಟಿ ಮುಗಿಸಿದ ವಾಣೀವಿಲಾಸ ಸಾಗರವು ೧೯೩೩ರಲ್ಲಿ ತುಂಬಿ ಕೋಡಿ ಬಿದ್ದ ಬಳಿಕ, ಮತ್ತೊಮ್ಮೆ ಕೋಡಿ ಬೀಳಲು ೨೦೨೨ರವರೆಗೆ, ಎಂದರೆ ೮೯ ವರ್ಷ, ಕಾಯಬೇಕಾಯಿತು. ಹೀಗೆ ಆಕಾಶವೂ ನದಿಯೂ ಕೈಕೊಟ್ಟ ಕಡೆ ಜನರಿಗೆ ಉಳಿದ ನಿಧಿಯೆಂದರೆ ಅಂತರ್ಜಲವೊಂದೆ. ಆ ನಿಧಿಯಾದರೂ ನಿರ್ದೋಷವಾದುದಲ್ಲ. ಚಿತ್ರದುರ್ಗ ಜಿಲ್ಲೆಯ ಅನೇಕ ಗ್ರಾಮಗಳ ಬಾವಿಗಳಲ್ಲಿ ಫ್ಲೋರೈಡು ಮೊದಲೇ ಮಿತಿಮೀರಿರುವುದು. ಪ್ರಕೃತಿಯೇ ಸೇರಿಸಿದ ಆ ದೋಷದ ಮೇಲೆ ಮನುಷ್ಯನು ತನ್ನದೊಂದನ್ನು ಸೇರಿಸಿದರೆ, ಹಸಿದವನ ಎಲೆಯಿಂದ ತುತ್ತನ್ನು ಕಸಿದಂತಾಗುವುದು.

ಹಿರಿಯೂರಿನಿಂದ ಚಳ್ಳಕೆರೆ, ಬಿ. ಜಿ. ಕೆರೆ, ಹಾನಗಲ್ಲು, ರಾಂಪುರಗಳ ಮೇಲೆ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ಹಗಲಿರುಳೂ ವಾಹನಗಳು ಓಡುವುವು. ಓಡುವ ವಾಹನಗಳಿಗೆ ಪೆಟ್ರೋಲು, ಡೀಸೆಲುಗಳು ಬೇಕು. ಆದುದರಿಂದ ಬಂಕುಗಳೂ ಬೇಕು. ಇಲ್ಲಿ ಯಾವ ಬಂಕಿನ ಮೇಲೂ ಆರೋಪ ಹೊರಿಸುವುದು ಉದ್ದೇಶವಲ್ಲ. ನೀರು ವಿರಳವಾಗಿರುವ ಸೀಮೆಯಲ್ಲಿ ನೆಲದಡಿ ತೈಲವನ್ನು ಕೂಡಿಡುವವರಿಗೂ, ಅದನ್ನು ಕೊಂಡು ಬಳಸುವವರಿಗೂ, ಮಗ್ಗುಲಲ್ಲಿ ಬಾವಿಯುಳ್ಳವರಿಗೂ ಇರುವ ಧರ್ಮವೇನೆಂಬುದನ್ನು, ಹಾನಿ ತಲೆದೋರುವ ಮುನ್ನವೇ ವಿಚಾರಮಾಡಿಡುವುದು ಲೇಸೆಂಬುದಷ್ಟೇ ಅಭಿಪ್ರಾಯ.

ಮೊದಲು ವಸ್ತುಸ್ಥಿತಿಯನ್ನು ತಿಳಿಯಬೇಕು. ಬಂಕಿನ ಟ್ಯಾಂಕು ಸಾಮಾನ್ಯವಾಗಿ ಉಕ್ಕಿನದು. ಸಾವಿರಾರು ಲೀಟರ್ ಹಿಡಿಯುವಂಥದು. ಅದರಿಂದ ಪಂಪಿಗೆ ಕೊಳವೆಗಳು ನೆಲದೊಳಗೇ ಹೋಗುವುವು. ಉಕ್ಕಿಗೆ ತುಕ್ಕು ಸಹಜ. ಕೊಳವೆಯ ಕೀಲುಗಳು ಸಡಿಲವಾಗುವುದೂ ಸಹಜ. ಸೆಕೆಂಡಿಗೊಂದು ಹನಿ ಸೋರಿದರೆ ದಿನಕ್ಕೆ ಸುಮಾರು ನಾಲ್ಕು ಲೀಟರ್, ವರ್ಷಕ್ಕೆ ಒಂದೂವರೆ ಸಾವಿರ ಲೀಟರಿಗೂ ಮಿಗಿಲು. ಸಾವಿರಾರು ಲೀಟರ್ ಮಾರುವಲ್ಲಿ ನಾಲ್ಕು ಲೀಟರಿನ ಕೊರತೆಯು ಆವಿಯಾಯಿತೆಂಬ ಲೆಕ್ಕದೊಳಗೆ ಅಡಗಿಹೋಗಬಲ್ಲದು. ಮೇಲೆ ನಿಂತವನಿಗೆ ಯಾವ ಗುರುತೂ ಕಾಣದು.

ಎಣ್ಣೆ ನೀರಿನ ಮೇಲೆ ತೇಲುವುದೆಂಬುದನ್ನು ಚಳ್ಳಕೆರೆಯವರಿಗೆ ಹೇಳಬೇಕೆ? ಕಡಲೆಕಾಯಿ ಎಣ್ಣೆಯ ಗಿರಣಿಗಳಿಂದ ಎಣ್ಣೆಯ ನಗರವೆಂದೇ ಹೆಸರಾದ ಊರದು. ಆದರೆ ಪೆಟ್ರೋಲಿನ ಸ್ವಭಾವವು ಅಡುಗೆಯ ಎಣ್ಣೆಯದಲ್ಲ. ಅದು ತೇಲುವುದು, ಆವಿಯಾಗುವುದು, ಜೊತೆಗೆ ಅದರ ಕೆಲವು ಅಂಶಗಳು ನೀರಿನಲ್ಲಿ ಕರಗುವುವು. ಹಾಗೆ ಕರಗುವವುಗಳಲ್ಲಿ ಬೆಂಜೀನು ಮುಖ್ಯ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವೈದ್ಯಶಾಸ್ತ್ರದಲ್ಲಿ ಸಿದ್ಧವಾಗಿದೆ. ಕುಡಿಯುವ ಒಂದು ಲೀಟರ್ ನೀರಿನಲ್ಲಿ ಅದು ೧೦ ಮೈಕ್ರೋಗ್ರಾಮಿಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಮಿತಿಯನ್ನು ಸೂಚಿಸಿದೆ. ನಮ್ಮ ದೇಶದಲ್ಲಿ ಇಂದು ಮಾರುವ ಪೆಟ್ರೋಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಬೆಂಜೀನು ಇರಬಹುದು. ಲೆಕ್ಕ ಮಾಡಿ ನೋಡಿದರೆ, ಅಂಥ ಒಂದು ಲೀಟರ್ ಪೆಟ್ರೋಲಿನೊಳಗಿನ ಬೆಂಜೀನು ಪೂರ್ಣವಾಗಿ ಕರಗಿ ಹರಡಿದಲ್ಲಿ ಸುಮಾರು ೮,೮೦,೦೦೦ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು. ೨೦೧೯ರ ಜಲಜೀವನ ಯೋಜನೆಯು ಗ್ರಾಮವಾಸಿಗಳಿಗೆ ತಲೆಗೆ ದಿನಕ್ಕೆ ೫೫ ಲೀಟರ್ ಎಂದು ಗೊತ್ತುಮಾಡಿತು. ಆ ಮಾನದಿಂದ ಎಣಿಸಿದರೆ ಇದು ಒಬ್ಬ ಮನುಷ್ಯನ ಸುಮಾರು ನಲವತ್ತನಾಲ್ಕು ವರ್ಷಗಳ ನೀರು. ಒಂದು ಲೀಟರಿನ ಪಾಡು ಇದಾದರೆ ವರ್ಷಗಟ್ಟಲೆ ಸೋರಿದುದರ ಪಾಡನ್ನು ಊಹಿಸಿಕೊಳ್ಳಬಹುದು.

ಈ ಸೀಮೆಯ ನೆಲದ ರಚನೆಯು ಕಷ್ಟವನ್ನು ಇನ್ನಷ್ಟು ಹೆಚ್ಚಿಸುವುದು. ಮೇಲೆ ಸ್ವಲ್ಪ ಮಣ್ಣು, ಅದರ ಕೆಳಗೆ ಶಿಥಿಲವಾದ ಕಲ್ಲು, ಅದಕ್ಕೂ ಕೆಳಗೆ ಗಟ್ಟಿಬಂಡೆ. ಬಂಡೆಯೊಳಗೆ ನೀರು ನಿಂತಿರುವುದು ಬಿರುಕುಗಳಲ್ಲಿ ಮಾತ್ರ. ಮರಳುನೆಲದಲ್ಲಾದರೆ ಕೊಳೆಯು ಹರಡುವ ದಿಕ್ಕನ್ನು ಒಂದಿಷ್ಟು ಊಹಿಸಬಹುದು. ಬಂಡೆಯ ಬಿರುಕಿನಲ್ಲಿ ಅದು ಹತ್ತು ಮಾರು ದೂರದ ಬಾವಿಯನ್ನು ಮುಟ್ಟದೆ, ದೂರದ ಹೊಲವೊಂದರ ಕೊಳವೆಬಾವಿಯನ್ನು ಸೇರಬಹುದು. ಪಂಪು ಜೋರಾಗಿ ನೀರೆಳೆದಂತೆಲ್ಲ ಕೊಳೆಯೂ ಆ ಕಡೆಗೆ ಎಳೆಯಲ್ಪಡುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೨೦ರ ಜನವರಿಯಲ್ಲಿ ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ ೫೦ ಮೀಟರ್ ದೂರವಿರಬೇಕೆಂದೂ, ಅದು ಸಾಧ್ಯವಿಲ್ಲದ ಕಡೆ ಹೆಚ್ಚಿನ ರಕ್ಷಣೆಗಳೊಡನೆಯೂ ೩೦ ಮೀಟರಿಗಿಂತ ಹತ್ತಿರ ಬರಬಾರದೆಂದೂ ವಿಧಿಸಿತು. ಇದು ಉಚಿತವೇ ಸರಿ. ಆದರೆ ನೆಲದ ಮೇಲಿನ ಅಳತೆಯನ್ನು ನೆಲದೊಳಗಿನ ಬಿರುಕು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇನ್ನು ಧರ್ಮವಿಚಾರ. ಇಲ್ಲಿ ಮೊದಲನೆಯ ಪೂರ್ವಪಕ್ಷವು ಹೀಗೆ: ಕರ್ಮಕ್ಕೆ ದೋಷವನ್ನು ತರುವುದು ಮನಸ್ಸು. ಬಂಕಿನವನು ಬಾವಿಯನ್ನು ಕೆಡಿಸಬೇಕೆಂದು ಟ್ಯಾಂಕನ್ನು ಹೂಳಲಿಲ್ಲ. ಪರವಾನಗಿ ಪಡೆದು, ನಿಯಮಕ್ಕೆ ಅನುಸಾರವಾಗಿ, ಊರಿಗೆ ಬೇಕಾದ ವ್ಯಾಪಾರವನ್ನೇ ನಡೆಸಿದನು. ತುಕ್ಕು ಹಿಡಿದುದು ಉಕ್ಕಿನ ಸ್ವಭಾವ, ಸೋರಿದುದು ತೈಲದ ಸ್ವಭಾವ, ಹರಡಿದುದು ನೀರಿನ ಸ್ವಭಾವ. ಇದರಲ್ಲಿ ಮನುಷ್ಯನ ಸಂಕಲ್ಪವೆಲ್ಲಿ? ಸಂಕಲ್ಪವಿಲ್ಲದಲ್ಲಿ ದೋಷವೆಲ್ಲಿ?

ಈ ಪಕ್ಷವು ಹುರುಳಿಲ್ಲದುದಲ್ಲ. ಪ್ರಾಚೀನರು ಜಲವನ್ನು ಕೆಡಿಸುವುದನ್ನು ಕಠಿನವಾಗಿ ನಿಷೇಧಿಸಿದರು. ಮಲಮೂತ್ರ, ಉಗುಳು, ರಕ್ತಗಳೊಡನೆ ವಿಷವನ್ನೂ ನೀರಿಗೆ ಹಾಕಬಾರದೆಂದು ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿ ಹೇಳಿದೆ. ನೀರಿನ ಸ್ಥಳಗಳನ್ನು ಹೊಲಸು ಮಾಡುವವನಿಗೆ ಕೌಟಿಲ್ಯನು ಪಣಗಳ ಲೆಕ್ಕದಲ್ಲಿ ದಂಡವನ್ನು ವಿಧಿಸಿದನು. ಆದರೆ ಅದೇ ಕೌಟಿಲ್ಯನು ಔಷಧದ ಪರಿಣಾಮದಿಂದಲೋ, ವ್ಯಾಧಿಯಿಂದಲೋ, ಭಯದಿಂದಲೋ ಹಾಗೆ ಆಗಿಹೋದರೆ ದಂಡವಿಲ್ಲವೆಂದೂ ಸೇರಿಸಿದನು. ಕೈಮೀರಿ ಆದುದಕ್ಕೆ ಮನುಷ್ಯನನ್ನು ಹಿಂಸಿಸಬಾರದೆಂಬ ನ್ಯಾಯಬುದ್ಧಿಯು ಅಲ್ಲಿ ಸ್ಪಷ್ಟವಾಗಿದೆ.

ಆದರೆ ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೌಟಿಲ್ಯನು ಬಿಟ್ಟುಕೊಟ್ಟದ್ದು ದಂಡವನ್ನು. ರೋಗಿಯು ದಂಡದಿಂದ ಪಾರಾದನೆಂಬ ಕಾರಣದಿಂದ ಆ ಸ್ಥಳವು ತಾನಾಗಿ ಶುಚಿಯಾಗಲಿಲ್ಲ. ಯಾರಾದರೂ ಅದನ್ನು ತೊಳೆಯಲೇಬೇಕು. ದಂಡವು ನೋಡುವುದು ಮನಸ್ಸನ್ನು; ಶುದ್ಧಿಯು ನೋಡುವುದು ನೀರನ್ನು. ಮನಸ್ಸು ನಿರ್ದೋಷವೆಂದು ತೀರ್ಮಾನವಾದರೂ ನೀರು ಸದೋಷವಾಗಿಯೇ ಉಳಿದಿರಬಹುದು. ಸ್ಮೃತಿಕಾರರೂ ಬುದ್ಧಿಪೂರ್ವಕವಲ್ಲದ ಪಾಪಕ್ಕೆ ಲಘುವಾದ ಪ್ರಾಯಶ್ಚಿತ್ತವನ್ನು ಹೇಳಿದರಲ್ಲದೆ, ಪ್ರಾಯಶ್ಚಿತ್ತವೇ ಬೇಡವೆನ್ನಲಿಲ್ಲ. ಆದುದರಿಂದ ಸೋರಿಕೆಯನ್ನು ಎಲ್ಲ ಸಂದರ್ಭಗಳಲ್ಲಿಯೂ ಅಪರಾಧವೆನ್ನುವುದು ಸರಿಯಲ್ಲ. ಎಲ್ಲ ಸಂದರ್ಭಗಳಲ್ಲಿಯೂ ಅದನ್ನು ಋಣವೆನ್ನುವುದು ಸರಿ. ತಂದೆಯು ಮಾಡಿದ ಸಾಲದ ವಿಷಯದಲ್ಲಿ ಮಗನ ತಪ್ಪೇನೂ ಇಲ್ಲ. ಆದರೂ ಆ ಸಾಲದ ಹಣದಿಂದ ಕೊಂಡ ಹೊಲವನ್ನು ಉಳುತ್ತಿರುವ ಮಗನು ಸಾಲವು ತನ್ನದಲ್ಲವೆನ್ನಲಾರನು.

ಆಧುನಿಕ ನ್ಯಾಯಸ್ಥಾನಗಳೂ ಬೇರೆ ಮಾರ್ಗದಿಂದ ಇದೇ ಸ್ಥಾನಕ್ಕೆ ಬಂದಿರುವುದು ವಿಚಾರಾರ್ಹ. ಇಂಗ್ಲೆಂಡಿನಲ್ಲಿ ಒಬ್ಬನು ತನ್ನ ಗಿರಣಿಗಾಗಿ ಜಲಾಶಯವನ್ನು ಕಟ್ಟಿಸಿದನು. ಅದರ ತಳದಲ್ಲಿ ಹಳೆಯ ಗಣಿಯ ಬಾಯಿಗಳಿದ್ದ ಸಂಗತಿ ಅವನಿಗೆ ತಿಳಿದಿರಲಿಲ್ಲ. ನೀರು ಅವುಗಳ ಮೂಲಕ ಇಳಿದು ನೆರೆಯವನ ಗಣಿಯನ್ನು ಮುಳುಗಿಸಿತು. ತಿಳಿಯದಿದ್ದುದೇನೋ ನಿಜ, ಆದರೆ ತಪ್ಪಿಸಿಕೊಂಡರೆ ಹಾನಿಮಾಡಬಲ್ಲ ವಸ್ತುವನ್ನು ತನ್ನ ಲಾಭಕ್ಕಾಗಿ ತಂದು ಕೂಡಿಟ್ಟವನೇ ಹೊಣೆಯೆಂದು ೧೮೬೮ರಲ್ಲಿ ಅಲ್ಲಿಯ ಪರಮೋಚ್ಚ ನ್ಯಾಯಸ್ಥಾನವು ತೀರ್ಮಾನಿಸಿತು. ೧೯೮೫ರ ಡಿಸೆಂಬರಿನಲ್ಲಿ ದಿಲ್ಲಿಯಲ್ಲಿ ಓಲಿಯಂ ಅನಿಲವು ಸೋರಿದ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಮರುವರ್ಷ ಇನ್ನೂ ಮುಂದೆ ಹೋಗಿ, ಅಪಾಯಕರವಾದ ಉದ್ಯಮ ನಡೆಸುವವನು ಎಷ್ಟೇ ಎಚ್ಚರವಹಿಸಿದ್ದೆನೆಂದರೂ ಹೊಣೆಯಿಂದ ಪಾರಾಗಲಾರನೆಂದಿತು. ರಾಜಸ್ಥಾನದ ಉದಯಪುರದ ಬಳಿಯ ಬಿಛಡಿ ಗ್ರಾಮದಲ್ಲಿ ರಾಸಾಯನಿಕ ಕಾರ್ಖಾನೆಗಳ ಕಶ್ಮಲವು ನೆಲಕ್ಕಿಳಿದು ಬಾವಿಗಳನ್ನು ಕೆಡಿಸಿದಾಗ, ಕೆಡಿಸಿದವನೇ ಶುದ್ಧಿಯ ವೆಚ್ಚವನ್ನು ತೆರಬೇಕೆಂದು ಅದೇ ನ್ಯಾಯಾಲಯವು ೧೯೯೬ರಲ್ಲಿ ಆಜ್ಞಾಪಿಸಿತು. ೨೦೧೦ರ ಹಸಿರು ನ್ಯಾಯಾಧಿಕರಣದ ಕಾಯಿದೆಯಲ್ಲಿ ಈ ತತ್ತ್ವವು ವಿಧಿರೂಪವಾಗಿಯೇ ಸೇರಿತು. ಹೊಣೆಯು ಹುಟ್ಟುವುದು ದುರುದ್ದೇಶದಿಂದಲ್ಲ. ಲಾಭಕ್ಕಾಗಿ ಅಪಾಯವನ್ನು ತಂದಿಟ್ಟುಕೊಂಡುದರಿಂದ.

ಅದಂತಿರಲಿ. ‘ತಿಳಿಯಲಿಲ್ಲ’ ಎಂಬ ಮಾತಿನಲ್ಲಿಯೂ ಎರಡು ಬಗೆಗಳುಂಟು. ತಿಳಿಯಲು ಮಾರ್ಗವೇ ಇಲ್ಲದ ಅಜ್ಞಾನವೊಂದು. ಮಾರ್ಗವಿದ್ದರೂ ನೋಡಲೊಲ್ಲದ ಅಜ್ಞಾನವೊಂದು. ಮೊದಲನೆಯದು ಮನುಷ್ಯನ ಇತಿಮಿತಿ. ಎರಡನೆಯದು ಅವನ ಆಯ್ಕೆ. ಬಂಕಿನಲ್ಲಿ ನಿತ್ಯವೂ ಡಿಪ್ ಕೋಲನ್ನಿಳಿಸಿ ಟ್ಯಾಂಕಿನ ಮಟ್ಟವನ್ನು ಅಳೆಯುವರು. ಮಾರಿದುದರ ಲೆಕ್ಕವನ್ನು ಮೀಟರು ಹೇಳುವುದು. ಬಂದುದು, ಮಾರಿದುದು, ಉಳಿದುದು ಈ ಮೂರನ್ನೂ ಪುಸ್ತಕದಲ್ಲಿ ಬರೆಯುವರು. ಕೊರತೆಯು ಒಂದು ದಿನ ಹೆಚ್ಚು, ಒಂದು ದಿನ ಕಡಿಮೆ ಬಂದರೆ ಶಾಖದಿಂದಲೋ ಅಳತೆಯ ತಪ್ಪಿನಿಂದಲೋ ಆಗಿರಬಹುದು. ತಿಂಗಳುಗಟ್ಟಲೆ ಒಂದೇ ದಿಕ್ಕಿಗೆ ಕೊರತೆ ಬೀಳುತ್ತಿದ್ದರೆ ಆ ಪುಸ್ತಕವೇ ಸಾಕ್ಷಿ ನುಡಿಯುತ್ತಿದೆಯೆಂದು ತಿಳಿಯಬೇಕು.

ಒಬ್ಬ ಬಂಕಿನ ಯಜಮಾನನನ್ನು ಕಲ್ಪಿಸಿಕೊಳ್ಳಬಹುದು. ಅವನು ದುಷ್ಟನಲ್ಲ, ಜಾತ್ರೆಗೆ ಚಂದಾ ಕೊಡುವವನು, ಆಳುಗಳಿಗೆ ಹೊತ್ತಿಗೆ ಸರಿಯಾಗಿ ಸಂಬಳ ಕೊಡುವವನು. ಮೂರು ತಿಂಗಳಿಂದ ಪುಸ್ತಕದಲ್ಲಿ ಕೊರತೆ ಬೀಳುತ್ತಿರುವುದನ್ನು ಕಂಡಿದ್ದಾನೆ. ಒಂದು ಸಂಜೆ ಹಿಂದುಗಡೆಯ ಮನೆಯ ಹೆಂಗಸು ಬಂದು, “ಅಣ್ಣಾ, ನಮ್ ಬಾವಿ ನೀರು ಯಾಕೋ ಸೀಮೆಎಣ್ಣೆ ವಾಸ್ನೆ ಬರ್ತೈತೆ, ಒಸಿ ನೋಡು” ಎನ್ನುವಳು. ಅವನ ಮುಂದೆ ಆಗ ಎರಡು ದಾರಿ. “ಪಂಪಿನ ಎಣ್ಣೆ ಬಿದ್ದಿರಬೇಕು, ತಾಯಿ, ನಾಲ್ಕು ಕೊಡ ಸೇದಿ ಹಾಕು” ಎಂದು ಕಳುಹಿಸುವುದು ಒಂದು. “ನೀರು ಕುಡಿಯಬೇಡಿ, ನಮ್ಮದನ್ನು ನೋಡಿಸುತ್ತೇನೆ” ಎನ್ನುವುದು ಇನ್ನೊಂದು. ಎರಡನೆಯ ಮಾತನ್ನಾಡಿದರೆ ಮಾರಾಟ ನಿಲ್ಲುವುದು, ಕಂಪನಿಯವರು, ಮಂಡಳಿಯವರು ಬರುವರು, ಊರಲ್ಲಿ ಹೆಸರು ಕೆಡುವುದು. ಮೊದಲನೆಯದನ್ನಾಡಿದರೆ ಅಂದಿಗೆ ಏನೂ ಆಗದು. ಆ ಸಂಜೆಯವರೆಗೆ ಅವನಲ್ಲಿದ್ದುದು ಋಣ ಮಾತ್ರ. ಮೊದಲನೆಯ ಮಾತು ಬಾಯಿಂದ ಹೊರಟ ಕ್ಷಣದಿಂದ ಅದು ಅಪರಾಧವಾಯಿತು. ತೈಲವು ಸೋರಿದುದು ಅವನ ಕೈಯಲ್ಲಿರಲಿಲ್ಲ. ಮಾತು ಅವನ ಕೈಯಲ್ಲಿತ್ತು.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳನ್ನು ೧೮೯೨ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಆ ಬಂಡೆಗಳ ಮೇಲೆ ತಂದೆತಾಯಿಗಳ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳ ಉಪದೇಶವಿದೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಈ ನೆಲದ ಕಲ್ಲಿನ ಮೇಲೆ ಬರೆಯಿಸಿದ ಆ ಧರ್ಮದಲ್ಲಿ ದಯೆಯೂ ಸತ್ಯವೂ ಒಟ್ಟಿಗೆ ಬಂದಿರುವುದು ಅರ್ಥವತ್ತಾಗಿದೆ. ನೀರು ಕೆಟ್ಟಿರಬಹುದೆಂಬ ಸಂಶಯವನ್ನು ಹೊತ್ತಿಗೆ ಸರಿಯಾಗಿ ಹೇಳದವನ ದಯೆಯಿಂದ ಬಾಯಾರಿದವನಿಗೆ ಪ್ರಯೋಜನವೇನು?

ಆದುದರಿಂದ ಶೋಧನೆಯು ಶುದ್ಧಿಯ ಪೂರ್ವಾಂಗವೆನ್ನಬೇಕು. ಸಂಸ್ಕೃತದಲ್ಲಿ ಶೋಧನವೆಂಬ ಒಂದೇ ಶಬ್ದಕ್ಕೆ ಹುಡುಕುವುದೆಂಬ ಅರ್ಥವೂ ಶುದ್ಧಿಮಾಡುವುದೆಂಬ ಅರ್ಥವೂ ಉಂಟು. ಇದರ ಕ್ರಮವು ಹೀಗೆ. ಮೊದಲು ಟ್ಯಾಂಕನ್ನೂ ಕೊಳವೆಗಳನ್ನೂ ಒತ್ತಡದ ಪರೀಕ್ಷೆಗೆ ಒಳಪಡಿಸಬೇಕು. ಸೋರುವುದು ಕಂಡರೆ ಒಡನೆಯೇ ಬರಿದುಮಾಡಬೇಕು. ಸುತ್ತಲೂ ಸಣ್ಣ ರಂಧ್ರಗಳನ್ನು ಕೊರೆದು ಮಣ್ಣನ್ನೂ, ಮಣ್ಣಿನೊಳಗಿನ ಆವಿಯನ್ನೂ, ನೀರನ್ನೂ ಪರೀಕ್ಷಿಸಬೇಕು. ಕಡೆಯಪಕ್ಷ ಮೂರು ಕಡೆ ನೀರಿನ ಮಟ್ಟವನ್ನು ಅಳೆದರೆ ಅದು ಯಾವ ಕಡೆಗೆ ಹರಿಯುತ್ತಿದೆಯೆಂಬುದರ ಸುಳಿವು ಸಿಗುವುದು. ಬಂಡೆಯ ನೆಲದಲ್ಲಿ ಇಷ್ಟು ಸಾಲದು. ಸುತ್ತಲಿನ ಬಾವಿಗಳೆಲ್ಲವನ್ನೂ ನೋಡಬೇಕು. ನೀರನ್ನು ಗಾಜಿನ ಸೀಸೆಯಲ್ಲಿ ಗಾಳಿಗೆ ಎಡೆಯಿಲ್ಲದಂತೆ ತುಂಬಿ, ತಂಪಿನಲ್ಲಿಟ್ಟು, ಬೇಗನೆ ಪ್ರಯೋಗಶಾಲೆಗೆ ಮುಟ್ಟಿಸಬೇಕು. ಇಲ್ಲವಾದರೆ ಹುಡುಕಬೇಕಾದ ವಸ್ತುವೇ ಆವಿಯಾಗಿ ಹೋಗಿರುವುದು. ಲೋಟದಲ್ಲಿ ಹಿಡಿದು ಮೂಸಿ ನೋಡುವುದನ್ನು ಪರೀಕ್ಷೆಯೆಂದು ಎಣಿಸಬಾರದು. ಬೆಂಜೀನಿನ ಮಟ್ಟಿಗೆ ಹೇಳುವುದಾದರೆ, ಅದು ಮೂಗಿಗೆ ತಿಳಿಯುವ ಹೊತ್ತಿಗೆ ಮಿತಿಯನ್ನು ಅನೇಕ ಪಟ್ಟು ಮೀರಿರುವುದು.

ಎರಡನೆಯ ಪೂರ್ವಪಕ್ಷ: ಇಷ್ಟೆಲ್ಲ ಮಾಡಲು ಹಣವೆಲ್ಲಿಂದ? ಸಣ್ಣ ಊರಿನ ಬಂಕಿನವನು ಕಮಿಷನ್ನಿನ ಮೇಲೆ ಬದುಕುವವನು. ಎಷ್ಟೋ ಕಡೆ ಟ್ಯಾಂಕು ಕಂಪನಿಯದು, ನೆಲ ಮತ್ತೊಬ್ಬರದು. ಹಿಂದಿನವನ ಕಾಲದಲ್ಲಿ ಸೋರಿದುದನ್ನು ಇಂದಿನವನ ತಲೆಗೆ ಕಟ್ಟಿದರೆ ಅವನು ಮುಳುಗಿಹೋಗುವನು. ಮುಳುಗುವ ಭಯವಿದ್ದರೆ ಯಾರು ತಾನೆ ನಿಜ ಹೇಳುವರು?

ಈ ಆಕ್ಷೇಪವು ಮೊದಲನೆಯದಕ್ಕಿಂತ ಬಲವಾದುದು; ಏಕೆಂದರೆ ಇದು ಮನುಷ್ಯಸ್ವಭಾವವನ್ನು ತಿಳಿದು ಆಡಿದ ಮಾತು. ಇದಕ್ಕೆ ಸಮಾಧಾನವನ್ನು ಚಳ್ಳಕೆರೆ ತಾಲ್ಲೂಕಿನ ಪರಂಪರೆಯಲ್ಲಿಯೇ ಕಾಣಬಹುದು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದರೆಂದೂ, ದುಡಿದವರಿಗೆ ದುಡಿದಷ್ಟು ಕೊಡುವುದೆಂಬ ನೀತಿಯನ್ನು ನಡೆಸಿದರೆಂದೂ ಈ ಸೀಮೆಯ ಜನರೆಲ್ಲ ಬಲ್ಲರು. ಆ ನೀತಿಯ ಮತ್ತೊಂದು ಮುಖವೇ ಕೆಡಿಸಿದವರಿಂದ ಕೆಡಿಸಿದಷ್ಟು ಪಡೆಯುವುದು. ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ಹಾಗಾದರೆ ಪಾಲುದಾರರು ಯಾರು ಯಾರೆಂದು ನೋಡಬೇಕು. ತೈಲವನ್ನು ಮಾರಿ ಲಾಭ ಪಡೆದ ಕಂಪನಿ, ಕಮಿಷನ್ನು ಪಡೆದ ಬಂಕಿನವನು, ಬಾಡಿಗೆ ಪಡೆದ ನೆಲದವನು, ನೋಡಬೇಕಾಗಿದ್ದೂ ನೋಡದ ಅಧಿಕಾರಿ, ಕಡೆಗೆ ವಾಹನದಲ್ಲಿ ಕುಳಿತು ಹೋದ ಪ್ರತಿಯೊಬ್ಬನೂ. ಅಮೆರಿಕ ದೇಶದಲ್ಲಿ ನೆಲದಡಿಯ ಟ್ಯಾಂಕುಗಳಿಗಾಗಿ ೧೯೮೪ರಲ್ಲಿ ಶಾಸನವನ್ನು ಮಾಡಿದರು. ಬಳಿಕ ೧೯೮೬ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿ, ಗ್ಯಾಲನ್ನಿಗೆ ಒಂದು ಸೆಂಟಿನ ಹತ್ತನೆಯ ಒಂದು ಪಾಲಿನಂತೆ ತೈಲದ ಮೇಲೆ ತೆರಿಗೆಯನ್ನು ಹಾಕಿದರು. ಕೊಳ್ಳುವವನಿಗೆ ಅದು ಗಮನಕ್ಕೂ ಬಾರದಷ್ಟು. ಆ ದೇಶದಲ್ಲಿ ಇದುವರೆಗೆ ಐದು ಲಕ್ಷಕ್ಕೂ ಮಿಗಿಲಾದ ಸೋರಿಕೆಗಳು ಪತ್ತೆಯಾಗಿದ್ದು, ಅವುಗಳಲ್ಲಿ ಬಹುಭಾಗದ ಶುದ್ಧಿಯೂ ನಡೆದಿರುವುದು. ಹೊರೆಯನ್ನು ಹಂಚಿಕೊಂಡರೆ ನಿಜ ಹೇಳುವವನಿಗೆ ಧೈರ್ಯ ಬರುವುದೆಂಬುದು ಇದರಿಂದ ಕಲಿಯತಕ್ಕ ಪಾಠ.

ಹಣದ ಹೊರೆಯನ್ನು ಹೀಗೆ ಹಂಚಬಹುದು. ಆದರೆ ಮೊದಲು ಬಾಯಿಬಿಡುವ ಹೊರೆಯನ್ನು ಹಂಚಲಾಗುವುದಿಲ್ಲ. ಅದು ಡಿಪ್ ಕೋಲನ್ನು ಹಿಡಿದವನದೇ. ತಡಮಾಡಿದರೆ ಹಣದ ಹೊರೆಯೂ ಬೆಳೆಯುವುದು. ಬಿಛಡಿಯ ಪ್ರಕರಣದಲ್ಲಿ ತೀರ್ಪಾಗಿ ಹದಿನೈದು ವರ್ಷ ಕಳೆದರೂ ಹಣವನ್ನು ಕಟ್ಟದೆ ಅರ್ಜಿಗಳ ಮೇಲೆ ಅರ್ಜಿ ಹಾಕಿದವರಿಗೆ ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ ಚಕ್ರಬಡ್ಡಿಯನ್ನೂ ಸೇರಿಸಿ ಕೊಡುವಂತೆ ಆಜ್ಞೆಮಾಡಿತು. ನೆಲದೊಳಗೂ ಹಾಗೆಯೇ. ಮೊದಲ ತಿಂಗಳಲ್ಲಿ ಕೆಲವು ಗಾಡಿ ಮಣ್ಣನ್ನು ತೆಗೆದರೆ ಮುಗಿಯುತ್ತಿದ್ದ ಕೆಲಸವು ಐದು ವರ್ಷ ಬಿಟ್ಟರೆ ಒಂದು ಕೇರಿಯ ಬಾವಿಗಳ ಕೆಲಸವಾಗುವುದು. ಚೆನ್ನೈನ ತಂಡಯಾರ್‌ಪೇಟೆಯಲ್ಲಿ ೨೦೧೩ರಲ್ಲಿ ಮನೆಗಳ ಕೊಳವೆಬಾವಿಗಳಿಂದ ನೀರಿನೊಡನೆ ತೈಲವೂ ಮೇಲೆ ಬಂದಿತು. ನೆಲದಡಿಯ ತೈಲದ ಕೊಳವೆಮಾರ್ಗವೊಂದು ಸೋರಿತ್ತು. ವಿಷಯವು ಹಸಿರು ನ್ಯಾಯಾಧಿಕರಣದವರೆಗೂ ಹೋಯಿತು. ಶುದ್ಧಿಯ ಕಾರ್ಯವು ವರ್ಷಗಳವರೆಗೆ ಎಳೆಯಿತು. ಅಲ್ಲಿಯ ಗೃಹಿಣಿಯರು ಅಷ್ಟು ಕಾಲವೂ ಮನೆಯ ಬಾವಿಯಿದ್ದು ಹೊರಗಿನ ನೀರಿಗೆ ಕಾಯಬೇಕಾಯಿತು.

ಮೂರನೆಯ ಪೂರ್ವಪಕ್ಷವೊಂದುಂಟು, ಅದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿಟ್ಟುಕೊಂಡವರು ಬಹಳ. ಈಗ ದೂರದ ಜಲಾಶಯಗಳ ನೀರು ನಲ್ಲಿಯಲ್ಲಿ ಬರುತ್ತಿರುವುದು. ತೆರೆದ ಬಾವಿಗಳು ಬತ್ತಿ ಕಸದ ಗುಂಡಿಗಳಾಗಿವೆ. ಯಾರೂ ಕುಡಿಯದ ನೀರು ಕೆಟ್ಟರೆ ಯಾರಿಗೆ ನಷ್ಟ? ಇದಕ್ಕೆ ಉತ್ತರವು ಸುಲಭ. ಎಂಬತ್ತೊಂಬತ್ತು ವರ್ಷಗಳ ಬಳಿಕ ಕೋಡಿ ಬಿದ್ದ ಜಲಾಶಯವನ್ನು ನಂಬಿ, ಕಾಲಡಿಯ ನೀರನ್ನು ಬಿಟ್ಟುಕೊಡುವುದು ವಿವೇಕವಲ್ಲ. ಕುಡಿಯಲು ಬಳಸದಿದ್ದರೂ ಅದರಿಂದ ದನಗಳಿಗೆ ಕುಡಿಸುವರು, ಕಡಲೆಕಾಯಿಗೆ ಹಾಯಿಸುವರು, ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ರೇಷ್ಮೆಗೆ ಬಣ್ಣ ಹಾಕಲು ಬಳಸುವರು. ಇನ್ನೂ ಒಂದು ಮಾತು. ಇಂದಿನವರಿಗೆ ಬೇಡವಾದುದು ಮೊಮ್ಮಕ್ಕಳಿಗೆ ಬೇಕಾಗಬಹುದು. ಗೃಹಸ್ಥನು ತನ್ನ ಆಸ್ತಿಯನ್ನು ಬೇಕಾದರೆ ವ್ಯಯಮಾಡಬಹುದು. ಇನ್ನೂ ಹುಟ್ಟದವರ ಪಾಲನ್ನು ಒತ್ತೆಯಿಡುವ ಅಧಿಕಾರವು ಅವನಿಗಿಲ್ಲ.

ಕೊನೆಯ ಪ್ರಶ್ನೆ: ಎಷ್ಟು ಶುದ್ಧಿಯಾದರೆ ಶುದ್ಧಿ? ತೇಲುವ ತೈಲವನ್ನು ಎತ್ತಿಹಾಕುವುದು, ನೆನೆದ ಮಣ್ಣನ್ನು ಅಗೆದು ತೆಗೆಯುವುದು, ಮಣ್ಣಿನೊಳಗಿನ ಆವಿಯನ್ನು ಹೀರುವುದು, ನೀರನ್ನು ಮೇಲೆತ್ತಿ ಇದ್ದಿಲಿನಲ್ಲಿ ಸೋಸಿ ಮರಳಿ ಬಿಡುವುದು, ಇವು ಈಗ ಬಳಕೆಯಲ್ಲಿರುವ ವಿಧಾನಗಳು. ಇಷ್ಟಾದರೂ ಬಂಡೆಯ ಬಿರುಕಿನಲ್ಲಿ ಒಂದಿಷ್ಟು ಉಳಿದೇ ಉಳಿಯುವುದು. ಪ್ರಕೃತಿಯಲ್ಲಿಯೂ ಶುದ್ಧಿಮಾಡುವ ಶಕ್ತಿಯುಂಟು. ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಪೆಟ್ರೋಲಿನ ಅಂಶಗಳನ್ನು ತಿಂದು ಅರಗಿಸಿಕೊಳ್ಳಬಲ್ಲವು. ಕಾಲವೂ ಭೂಮಿಯೂ ಶೋಧಕಗಳೆಂದು ಹಿರಿಯರು ನಂಬಿದುದು ಬರಿಯ ನಂಬಿಕೆಯಲ್ಲ. ಆದರೆ ಇಲ್ಲಿಯೇ ಮೋಸಹೋಗಬಾರದು. ಆ ಜೀವಿಗಳ ಕೆಲಸವು ನಿಧಾನ. ಇಂದಿನ ಪೆಟ್ರೋಲಿನಲ್ಲಿ ಬೆರೆಸುವ ಎಥನಾಲನ್ನು ಅವು ಮೊದಲು ತಿಂದು ಬೆಂಜೀನನ್ನು ಹಿಂದಕ್ಕೆ ಬಿಡುವುದೂ ಉಂಟು. ಸೋರಿಕೆಯನ್ನು ನಿಲ್ಲಿಸಿ, ಆದಷ್ಟನ್ನು ತೆಗೆದು, ಉಳಿದುದನ್ನು ಕಾಲಕಾಲಕ್ಕೆ ಅಳೆಯುತ್ತ, ಅಳತೆಯನ್ನು ನೆರೆಯವರಿಗೆ ತಿಳಿಸುತ್ತ ಕಾಯುವುದು ತಾಳ್ಮೆ. ಅಳೆಯದೆ ಕಾಯುವುದು ಉಪೇಕ್ಷೆ. ಎರಡರಲ್ಲಿಯೂ ಮನುಷ್ಯನು ಸುಮ್ಮನೆ ಕುಳಿತಂತೆಯೇ ಹೊರಗಿನವರಿಗೆ ಕಾಣುವುದು. ವ್ಯತ್ಯಾಸವು ಅವನ ಕೈಯಲ್ಲಿರುವ ಪುಸ್ತಕದಲ್ಲಿದೆ. ಶುದ್ಧಿಯಾಯಿತೆಂದು ಹೇಳುವ ಅಧಿಕಾರವಾದರೂ ತೊಳೆದವನಿಗೆ ಸೇರಿದುದಲ್ಲ. ನೀರನ್ನು ಕುಡಿಯುವವನ ಮುಂದೆ ಪರೀಕ್ಷೆಯ ಫಲವನ್ನಿಟ್ಟು, ಅವನು ನಿಶ್ಚಿಂತೆಯಿಂದ ಕೊಡವನ್ನು ಇಳಿಬಿಡುವಂತಾದಾಗ ಋಣವು ತೀರಿತೆನ್ನಬಹುದು.

ಗೃಹಸ್ಥರಿಗೂ ಇದರಲ್ಲಿ ಕರ್ತವ್ಯವುಂಟು. ಬಂಕಿನ ಸಮೀಪದಲ್ಲಿ ಬಾವಿಯುಳ್ಳವರು ವರ್ಷಕ್ಕೊಮ್ಮೆಯಾದರೂ ನೀರನ್ನು ಪರೀಕ್ಷೆ ಮಾಡಿಸಬೇಕು. ಪರೀಕ್ಷೆಯು ಉಪ್ಪು, ಫ್ಲೋರೈಡುಗಳಿಗೆ ಮಾತ್ರವಲ್ಲದೆ ಪೆಟ್ರೋಲಿಯಂ ಅಂಶಗಳಿಗೂ ಆಗಬೇಕೆಂದು ಕೇಳಬೇಕು. ವಾಸನೆ ಬಂದರೆ ಬಾವಿಯನ್ನು ಮುಚ್ಚಿ ಮೌನವಾಗಿರಬಾರದು. ಬಂಕಿನವನು ತಾನಾಗಿ ಬಂದು ನಿಜ ಹೇಳಿದರೆ ಅವನನ್ನು ಕಳ್ಳನಂತೆ ಕಾಣದೆ, ಋಣವನ್ನು ಒಪ್ಪಿಕೊಂಡ ಮರ್ಯಾದಸ್ಥನಂತೆ ಕಾಣಬೇಕು. ನಿಜ ಹೇಳಿದವನನ್ನೂ ಮುಚ್ಚಿಟ್ಟವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವ ಊರಿನಲ್ಲಿ ಮುಂದೆ ಯಾರೂ ನಿಜ ಹೇಳರು. ಆಗ ನೀರು ಕೆಟ್ಟುದರಲ್ಲಿ ಊರಿನ ಪಾಲೂ ಸೇರುವುದು.

ಬಾವಿ, ಕೆರೆಗಳನ್ನು ಕಟ್ಟಿಸುವುದನ್ನು ಪೂರ್ತವೆಂಬ ಪುಣ್ಯಕರ್ಮವಾಗಿ ಶಾಸ್ತ್ರಗಳು ಹೊಗಳಿವೆ. ಹೊಸದನ್ನು ಕಟ್ಟಿಸುವುದಕ್ಕಿಂತ ಜೀರ್ಣವಾದುದನ್ನು ಉದ್ಧರಿಸುವುದು ಹೆಚ್ಚಿನದೆಂಬ ಮಾತೂ ಶಿಷ್ಟರಲ್ಲಿ ಪ್ರಸಿದ್ಧವಾಗಿದೆ. ಕೆಟ್ಟ ಅಂತರ್ಜಲವನ್ನು ತಿಳಿಮಾಡುವುದೂ ಜೀರ್ಣೋದ್ಧಾರವೇ. ಆದರೆ ಅದಕ್ಕೆ ಕಲಶವಿಲ್ಲ, ಶಿಲಾಶಾಸನವಿಲ್ಲ, ಉದ್ಘಾಟನೆಯ ಸಮಾರಂಭವಿಲ್ಲ. ಲಕ್ಷಗಟ್ಟಲೆ ವೆಚ್ಚಮಾಡಿದ ಮೇಲೂ ತೋರಿಸಲು ಏನೂ ಇರುವುದಿಲ್ಲ. ಮೊದಲಿದ್ದ ನೀರು ಮೊದಲಿದ್ದಂತೆ ಇರುವುದು, ಅಷ್ಟೆ. ಋಣವನ್ನು ತೀರಿಸುವುದರ ಲಕ್ಷಣವೇ ಇದು: ಲಾಭವೇನೂ ಕಾಣದು, ಸಾಲ ಮಾತ್ರ ಇಲ್ಲವಾಗುವುದು. ಆ ನೀರನ್ನು ಮುಂದೆ ಸೇದುವ ಮಗುವಿಗೆ ಅದು ಎಂದಾದರೂ ಕೆಟ್ಟಿತ್ತೆಂಬುದೇ ತಿಳಿಯದಂತಾದರೆ, ಮಾಡಿದ ಕೆಲಸವು ಸಾರ್ಥಕವಾಯಿತೆಂದು ತಿಳಿಯಬೇಕು.